ಶೋಕೇಸಿನ ಪಿಂಗಾಣಿ ಗೊಂಬೆ ಯಾವ ದೇಶದ್ದು, ಎಷ್ಟು ಹಳೆಯದು? ತಳದಿಂದ ಶುರು ಮಾಡಿ

ದಾವಣಗೆರೆಯ ಚೌಕಿಪೇಟೆ, ಮಂಡಿಪೇಟೆ ಕಡೆಯ ಹಳೇ ಮನೆಗಳಲ್ಲಿ ಪಡಸಾಲೆಗೆ ಒಂದು ಗಾಜಿನ ಶೋಕೇಸ್ ಇರುವುದು ಸಾಮಾನ್ಯ. ಅದರಲ್ಲಿ ಯಾರದೋ ಮದುವೆಯ ಬೆಳ್ಳಿ ಸಾಮಾನು, ಮಕ್ಕಳ ಕಪ್ಪು, ಮೂಲೆಯಲ್ಲಿ ಒಂದೆರಡು ಪಿಂಗಾಣಿ ಗೊಂಬೆ. ಹಣ್ಣು ಹಿಡಿದ ಬೋಳುತಲೆಯ ಮುದುಕ, ಹೊಟ್ಟೆ ಬಿಟ್ಟುಕೊಂಡು ನಗುವ ಬುದ್ಧ, ಕೊಡೆ ಹಿಡಿದ ಜಪಾನಿ ಹೆಂಗಸು. ಹತ್ತಿ, ಜವಳಿ ವ್ಯಾಪಾರಕ್ಕೆ ಮುಂಬಯಿ, ಮದ್ರಾಸಿಗೆ ಓಡಾಡಿದ ಹಿರಿಯರು ತಂದದ್ದು ಅನ್ನುತ್ತಾರೆ. ಕೇಳಿದರೆ, "ನಮ್ಮ ತಾತನ ಕಾಲದ್ದು ರೀ, ಇನ್ನೂರು ವರ್ಷ ಆಗಿರಬೇಕು" ಅನ್ನುತ್ತಾರೆ.

ಸುಮ್ನೆ ಲೆಕ್ಕ ಹಾಕಿ. ಈಗ ಅರವತ್ತು ದಾಟಿದವರ ತಾತ ವ್ಯಾಪಾರ ಮಾಡಿದ್ದು ಹೆಚ್ಚುಕಡಿಮೆ 1920ರಿಂದ 1950ರ ನಡುವೆ. ಅವರು ಅಂಗಡಿಯಲ್ಲಿ ಹೊಸದಾಗಿ ಕೊಂಡ ಗೊಂಬೆಗೆ ನೂರು ವರ್ಷ ತುಂಬಿದ್ದರೆ ಅದೇ ದೊಡ್ಡದು. ಇನ್ನೂರು ಎಲ್ಲಿಂದ ಬಂತು?

ಈ ಲೇಖನದ ಉದ್ದಕ್ಕೂ ಒಂದೇ ನಿಯಮ ಹಿಡಿದು ಹೋಗುತ್ತೇನೆ. ಗೊಂಬೆಯಲ್ಲಿ ಕಾಣುವ ಲಕ್ಷಣಗಳಲ್ಲಿ ಯಾವುದು ಎಲ್ಲಕ್ಕಿಂತ ಈಚಿನದೋ, ಗೊಂಬೆ ಅದಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ. ಮುಖ ಎಷ್ಟೇ ಪುರಾತನವಾಗಿ ಕಾಣಲಿ, ತಳದಲ್ಲಿ 1950ರ ನಂತರದ ಮುದ್ರೆ ಇದ್ದರೆ ಮಾತು ಅಲ್ಲಿಗೆ ಮುಗಿಯಿತು. ಇದೇನು ಹೊಸ ತರ್ಕ ಅಲ್ಲ. 1947ರಲ್ಲಿ ಪುರಾತತ್ವ ತಜ್ಞ ಮಾರ್ಟಿಮರ್ ವೀಲರ್ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ, ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ನೆಲ ಅಗೆಸಿದಾಗ ಕಾಲ ನಿರ್ಧಾರಕ್ಕೆ ಆಧಾರವಾದದ್ದು ಪದರ ಪದರವಾಗಿ ಸಿಕ್ಕ ಮಡಕೆ ಚೂರು ಮತ್ತು ನಾಣ್ಯಗಳು. ರೋಮನ್ ನಾಣ್ಯ ಸಿಕ್ಕ ಪದರ, ಆ ನಾಣ್ಯ ಅಚ್ಚಾಗುವುದಕ್ಕೆ ಮೊದಲೇ ಬಿದ್ದಿರಲು ಆಗುವುದಿಲ್ಲ ಅಲ್ವಾ? ನಮ್ಮ ಶೋಕೇಸಿನ ಗೊಂಬೆಗೂ ಇಷ್ಟೇ.

ಎಲ್ಲಿಯದು ಅನ್ನುವುದನ್ನು ಮೊದಲು ಹುಡುಕಿ, ಯಾವಾಗಿನದು ಅನ್ನುವುದು ಆಮೇಲೆ. ಬೆಲೆಯ ವಿಚಾರ ಇವೆರಡೂ ಮುಗಿಯುವವರೆಗೆ ತಲೆಗೆ ಹಚ್ಚಿಕೊಳ್ಳಬೇಡಿ.

ಮೊದಲು, ತೊಳೆಯಬೇಡಿ

ದಸರೆಗೆ ಗೊಂಬೆ ಕೂರಿಸುವ ಮುಂಚೆ, ದೀಪಾವಳಿಗೆ ಮನೆ ಸಾರಿಸುವಾಗ ಎಲ್ಲವನ್ನೂ ಹುಣಸೆಹಣ್ಣು, ಸಬೀನ ಹಾಕಿ ತಿಕ್ಕುವ ರೂಢಿ ನಮ್ಮಲ್ಲಿದೆ. ಪಿಂಗಾಣಿ ಗೊಂಬೆಗೆ ಇದು ಬೇಡ. ಎಷ್ಟೋ ಗೊಂಬೆಗಳ ಬಣ್ಣ ಆವಿಗೆಯಲ್ಲಿ ಸುಟ್ಟದ್ದಲ್ಲ, ಸುಟ್ಟಾದ ಮೇಲೆ ಮೇಲಿಂದ ಬಳಿದದ್ದು. ನೀರು ತಾಗಿದರೆ ಏಳುತ್ತದೆ. ಚಿನ್ನದ ಗೆರೆಯಂತೂ ಸಬೀನಕ್ಕೆ ಒಂದೇ ಸಲಕ್ಕೆ ಮಾಯ. ಮೆತ್ತನೆ ಬ್ರಷ್‌ನಲ್ಲಿ ಧೂಳು ಕೊಡವಿ, ಅಷ್ಟು ಸಾಕು. ತಳದ ಕೊಳೆಯನ್ನಂತೂ ಮುಟ್ಟಲೇಬೇಡಿ. ಅದು ಮುಂದೆ ಸಾಕ್ಷಿ ಹೇಳುತ್ತದೆ.

ಆಮೇಲೆ ಮನೆಯ ಹಿರಿಯರನ್ನು ಕೂರಿಸಿಕೊಂಡು ಕೇಳಿ. ಯಾರು ತಂದರು, ಎಲ್ಲಿಂದ, ಯಾರ ಮದುವೆಗೆ ಮುಂಚೆಯೋ ನಂತರವೋ. ಇಸವಿ ಕೇಳಿದರೆ ಅಜ್ಜಿ ಹೇಳಲಾರರು. "ದೊಡ್ಡಪ್ಪನ ಮದುವೆ ಹೊತ್ತಿಗೆ ಇದು ಇತ್ತಾ ಅಜ್ಜಿ?" ಅಂದರೆ ಸರಿಯಾಗಿ ಹೇಳುತ್ತಾರೆ. ಹಳೇ ಫೋಟೋಗಳನ್ನು ಭೂತಗನ್ನಡಿ ಹಿಡಿದು ನೋಡಿ. 1962ರ ಮದುವೆ ಫೋಟೋದ ಹಿಂದಿನ ಶೋಕೇಸಿನಲ್ಲಿ ಇದೇ ಮುದುಕ ನಿಂತಿದ್ದರೆ, ಗೊಂಬೆ 1962ಕ್ಕೆ ಮೊದಲಿನದು ಅಂತ ಗಟ್ಟಿಯಾಯಿತು. ಇಂಥ ಸಾಕ್ಷಿ ಯಾವ ತಜ್ಞರ ಹತ್ತಿರವೂ ಇರುವುದಿಲ್ಲ, ನಿಮ್ಮ ಹತ್ತಿರ ಮಾತ್ರ. ಆದರೆ ಅಟ್ಟದ ಪೆಟ್ಟಿಗೆಯಲ್ಲಿ ಗೊಂಬೆ ಸುತ್ತಿಟ್ಟ ಹಳೇ ಪೇಪರಿನ ತಾರೀಕು ನೋಡಿ ಮೋಸ ಹೋಗಬೇಡಿ. ಅದು ಸುತ್ತಿಟ್ಟ ಕಾಲ ಹೇಳುತ್ತದೆ, ಅಷ್ಟೇ. ಹಳೇ ಪೇಪರು ಗುಜರಿಯಲ್ಲಿ ಕೆ.ಜಿ. ಲೆಕ್ಕದಲ್ಲಿ ಸಿಗುತ್ತದೆ.

ತಿರುಗಿಸಿ, ತಳ ನೋಡಿ

ನೆಲಕ್ಕೆ ದಪ್ಪ ಟವೆಲ್ ಹಾಸಿ. ಗೊಂಬೆಯನ್ನು ತಲೆ, ಕೈ ಹಿಡಿದು ಎತ್ತಬೇಡಿ. ಒಂದು ಕೈ ತಳಕ್ಕೆ, ಇನ್ನೊಂದು ಬೆನ್ನಿಗೆ ಕೊಟ್ಟು ಮಲಗಿಸಿ. ಈಗ ಹಗಲು ಬೆಳಕಿನಲ್ಲಿ ತಳ ನೋಡಿ.

ಮುಖ ಮಾಡುವಾಗ ಕುಶಲಕರ್ಮಿ ಹಳೆಯ ಮಾದರಿಯನ್ನು ನೋಡಿ ಮಾಡುತ್ತಾನೆ, ನಕಲಿ ಮಾಡುವವನಂತೂ ಎಲ್ಲ ಗಮನವನ್ನೂ ಅಲ್ಲೇ ಇಡುತ್ತಾನೆ. ತಳದಲ್ಲಿ ಮಾತ್ರ ಗ್ಲೇಜ್ ಇಲ್ಲದ ಬರಿ ಮಣ್ಣು ಕಾಣುತ್ತದೆ, ಕೆಲಸ ಮಾಡಿದ ರೀತಿ ಕಾಣುತ್ತದೆ. ಗ್ಲೇಜ್ ಅಂದರೆ ಮೇಲಿನ ಗಾಜಿನಂಥ ಹೊಳಪಿನ ಪದರ.

ಮಣ್ಣಿನಲ್ಲಿ ಮೂರು ಬಗೆ. ಹಂಚು, ಹೂಕುಂಡದ ಹಾಗೆ ನೀರು ಹೀರುವ ಮಣ್ಣು ಒಂದು. ಸುಮಾರು 1000 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಸುಟ್ಟದ್ದು. ಬರಿ ತಳದ ಮೇಲೆ, ಬಣ್ಣ, ಕೊಳೆ ಇಲ್ಲದ ಜಾಗದಲ್ಲಿ, ಒಂದೇ ಒಂದು ಹನಿ ನೀರು ಬಿಟ್ಟರೆ ಕ್ಷಣದಲ್ಲಿ ಹೀರಿಕೊಳ್ಳುತ್ತದೆ. ಎರಡನೆಯದು ಉಪ್ಪಿನಕಾಯಿ ಜಾಡಿಯ ಜಾತಿ. ಬೂದು, ಕಂದು ಬಣ್ಣ, ಗಟ್ಟಿ, ನೀರು ಹೀರುವುದಿಲ್ಲ, ಬೆಳಕೂ ದಾಟುವುದಿಲ್ಲ. ಮೂರನೆಯದು ನಿಜವಾದ ಪಿಂಗಾಣಿ. ಕೇಯೋಲಿನ್ ಅನ್ನುವ ಬಿಳಿ ಮಣ್ಣಿಗೆ ಒಂದು ಬಗೆಯ ಕಲ್ಲಿನ ಪುಡಿ ಸೇರಿಸಿ 1300 ಡಿಗ್ರಿ ಸುತ್ತಮುತ್ತ ಸುಡುತ್ತಾರೆ. ಕತ್ತಲೆ ಕೋಣೆಯಲ್ಲಿ ಮೊಬೈಲ್ ಟಾರ್ಚ್ ಹಿಡಿದರೆ ತೆಳು ಭಾಗದಲ್ಲಿ, ಬೆರಳು, ಬಟ್ಟೆಯ ಅಂಚಿನಲ್ಲಿ, ಬೆಳಕು ಹಾಲಿನ ಹಾಗೆ ಒಳಗಿಂದ ಕಾಣುತ್ತದೆ. ದಪ್ಪ ಭಾಗದಲ್ಲಿ ಕಾಣದಿದ್ದರೆ ಗಾಬರಿ ಬೇಡ.

ಈ ಮೂರರಲ್ಲೂ ಸೇರದ್ದು ಇದ್ದರೆ ಅದು ರಾಳದ ಎರಕ ಅಥವಾ ಪ್ಲಾಸ್ಟರ್ ಆಫ್ ಪ್ಯಾರಿಸ್. ರಾಳದ ಗೊಂಬೆ ಹೆಚ್ಚಾಗಿ ಕೈಗೆ ತಣ್ಣಗೆ ತಾಗುವುದಿಲ್ಲ, ಎಷ್ಟೋ ಸಲ ಗಾತ್ರಕ್ಕೆ ತಕ್ಕ ತೂಕವೂ ಇರುವುದಿಲ್ಲ. ಪ್ಲಾಸ್ಟರಿನದು ಉಗುರು ತಾಗಿದರೆ ಸುಣ್ಣದ ಹಾಗೆ ಉದುರುತ್ತದೆ. ಗಿಫ್ಟ್ ಅಂಗಡಿಯ ನಗುವ ಬುದ್ಧರಲ್ಲಿ ಬಹಳಷ್ಟು ಈ ಜಾತಿಯವೇ. ಅಲ್ಲಿಗೆ ತನಿಖೆ ಮುಗಿಸಬಹುದು.

ಹೇಗೆ ಮಾಡಿದ್ದಾರೆ ಅಂತ ನೋಡಿ

ಇದನ್ನು ಹೆಚ್ಚಿನವರು ನೋಡುವುದೇ ಇಲ್ಲ. ತಳ ತೆರೆದಿದ್ದರೆ ಟಾರ್ಚ್ ಹಾಕಿ ಒಳಗೋಡೆ ನೋಡಿ. ಹಳೆಯ ಪದ್ಧತಿಯಲ್ಲಿ ಮೆತ್ತನೆ ಮಣ್ಣನ್ನು ಎರಡು ಹೋಳಿನ ಅಚ್ಚಿಗೆ ಹೆಬ್ಬೆರಳಿನಿಂದ ಒತ್ತಿ, ಆಮೇಲೆ ಹೋಳುಗಳನ್ನು ಜೋಡಿಸುತ್ತಿದ್ದರು. ಹಾಗೆ ಮಾಡಿದ್ದರೆ ಒಳಗೆ ಬೆರಳಿನ ಗುಳಿ ಇರುತ್ತದೆ, ಗೋಡೆ ಒಂದು ಕಡೆ ದಪ್ಪ ಒಂದು ಕಡೆ ತೆಳು ಇರುತ್ತದೆ, ಕೂಡಿಸಿದ ಗೆರೆಯ ಮೇಲೆ ಒರಟಾಗಿ ಮಣ್ಣು ಮೆತ್ತಿರುತ್ತಾರೆ. ಹೊರಗಿನ ಗೆರೆಯನ್ನು ಕೈಯಿಂದ ಸವರಿ ಅಳಿಸಿರುತ್ತಾರೆ.

ಇನ್ನೊಂದು ಪದ್ಧತಿಯಲ್ಲಿ ಮಣ್ಣನ್ನು ಗಂಜಿಯ ಹಾಗೆ ನೀರಾಗಿ ಕಲಸಿ ಪ್ಲಾಸ್ಟರ್ ಅಚ್ಚಿಗೆ ಸುರಿಯುತ್ತಾರೆ. ಅಚ್ಚು ನೀರು ಹೀರುತ್ತದೆ, ಗೋಡೆಗೆ ಒಂದು ಪದರ ಅಂಟುತ್ತದೆ, ಉಳಿದದ್ದನ್ನು ಹೊರಗೆ ಸುರಿಯುತ್ತಾರೆ. ಹೀಗೆ ಮಾಡಿದ ಗೊಂಬೆಯ ಒಳಗೋಡೆ ನುಣುಪು, ಎಲ್ಲ ಕಡೆ ಒಂದೇ ದಪ್ಪ, ತೂಕವೂ ಕಡಿಮೆ. ಚೀನಾದ ಗೊಂಬೆಗಳಲ್ಲಿ ಇದು ವ್ಯಾಪಕವಾದದ್ದು 20ನೇ ಶತಮಾನದಲ್ಲಿ. ಮಿಂಗ್ ಕಾಲದ್ದು, ಅಂದರೆ 1644ಕ್ಕೆ ಮುಗಿದ ಚೀನೀ ರಾಜವಂಶದ ಕಾಲದ್ದು, ಅಂತ ಹೇಳುವ ಗೊಂಬೆಯ ಒಳಗೆ ನುಣ್ಣಗಿನ ಗೋಡೆ, ಮುಚ್ಚಿದ ಚಪ್ಪಟೆ ತಳ, ನಡುವೆ ಪೆನ್ಸಿಲ್ ತೂರುವಷ್ಟು ಗುಂಡಗಿನ ಒಂದು ತೂತು ಕಂಡರೆ ನಮಸ್ಕಾರ ಹೇಳಿ ವಾಪಸ್ ಇಡಿ. ಆ ತೂತು ಸುಡುವಾಗ ಒಳಗಿನ ಬಿಸಿ ಗಾಳಿ ಹೊರಹೋಗಲು. ತೂತು ಇದ್ದ ಮಾತ್ರಕ್ಕೆ ಹೊಸದು ಅಂತಲ್ಲ, ಟೊಳ್ಳು ಗೊಂಬೆಗೆ ಎಲ್ಲ ಕಾಲದಲ್ಲೂ ಗಾಳಿಗೆ ದಾರಿ ಬೇಕು. ಈ ಮೂರೂ ಒಟ್ಟಿಗೆ ಇದ್ದರೆ ಮಾತ್ರ ಅನುಮಾನ ಗಟ್ಟಿ.

ಈತ ಯಾರು, ಯಾವ ಊರಿನ ಕೆಲಸ

ಇನ್ನು ಗೊಂಬೆಯ ಮುಖ ನೋಡಬಹುದು. ಇದು ನನಗೆ ಎಲ್ಲಕ್ಕಿಂತ ಖುಷಿ ಕೊಡುವ ಭಾಗ.

ಉಬ್ಬಿದ ದೊಡ್ಡ ಹಣೆ, ಉದ್ದ ಗಡ್ಡ, ಒಂದು ಕೈಯಲ್ಲಿ ಪೀಚ್ ಹಣ್ಣು, ಇನ್ನೊಂದರಲ್ಲಿ ದೊಣ್ಣೆ ಇದ್ದರೆ ಆತ ಶೌ, ಚೀನೀಯರ ದೀರ್ಘಾಯುಸ್ಸಿನ ದೇವರು. ಜೊತೆಗೆ ಅಧಿಕಾರಿಯ ಟೋಪಿ, ನಿಲುವಂಗಿಯ ಇನ್ನಿಬ್ಬರು ಇರಬೇಕು: ಭಾಗ್ಯದ ಫು, ಪದವಿಯ ಲು. ಮೂವರು ಸೇರಿದರೆ ಒಂದು ಸೆಟ್. ನಮ್ಮ ಮನೆಗಳಲ್ಲಿ ಉಳಿದವರು ಒಡೆದು ಶೌ ಒಬ್ಬನೇ ಉಳಿದಿರುವುದೂ ಉಂಟು. ಬಣ್ಣ ಬಣ್ಣದ ಬಟ್ಟೆಯ, ಹೊಳೆಯುವ ಬಿಳಿ ಮುಖದ ಈ ಮೂವರು ಹೆಚ್ಚಾಗಿ ಜಿಂಗ್‌ಡೆಜೆನ್ ಊರಿನವರು. ಸಾವಿರ ವರ್ಷದಿಂದ ಚೀನಾದ ಪಿಂಗಾಣಿಯ ರಾಜಧಾನಿ ಅದು. ಗೊಂಬೆ ಮಾತ್ರ ಬಹುತೇಕ 20ನೇ ಶತಮಾನದ್ದು.

ಮುಖ, ಕೈ, ಪಾದ ಬರಿ ಕಂದು ಮಣ್ಣು. ಬಟ್ಟೆಗೆ ಮಾತ್ರ ದಪ್ಪ ನೀಲಿ, ಹಸಿರು, ಹಳದಿ ಗ್ಲೇಜ್. ಹೀಗಿದ್ದರೆ ಅದು ಗ್ವಾಂಗ್‌ಡಾಂಗ್ ಪ್ರಾಂತ್ಯದ ಫೋಶಾನ್ ಬಳಿಯ ಶಿವಾನ್ ಊರಿನ ಶೈಲಿ. ಮಣ್ಣು ಜಾಡಿಯ ಜಾತಿಯದು. ಮೀನು ಹಿಡಿಯುವ ಮುದುಕ, ಪುಸ್ತಕ ಓದುವ ಮುದುಕ, ಸೇತುವೆ ಮೇಲೆ ಕೂತ ಮುದುಕ, ಇಂಥ ಪುಟ್ಟ ಗೊಂಬೆಗಳನ್ನು 20ನೇ ಶತಮಾನದಲ್ಲಿ ರಾಶಿಗಟ್ಟಲೆ ಹೊರದೇಶಕ್ಕೆ ಕಳಿಸಿದರು. ದಟ್ಟ ಹುಬ್ಬು, ಗಡ್ಡ, ಕಿವಿಗೆ ಓಲೆ, ಸಿಡುಕು ಮುಖದ ಸನ್ಯಾಸಿ ಕಂಡರೆ ಆತ ಬೋಧಿಧರ್ಮ, ನಮ್ಮ ದಕ್ಷಿಣದಿಂದ ಹೋದವನು ಅಂತ ಪರಂಪರೆ ಹೇಳುತ್ತದೆ. ಶಿವಾನ್ ಕುಂಬಾರರಿಗೆ ಬಹಳ ಇಷ್ಟದ ಆಸಾಮಿ.

ಬಣ್ಣವೇ ಇಲ್ಲದ, ದಂತದ ಹಾಗೆ ಬೆಳ್ಳಗಿನ, ಮುಸುಕು ಹಾಕಿದ ಶಾಂತ ಹೆಂಗಸು ಗ್ವಾನ್‌ಯಿನ್. ನಮ್ಮ ಅವಲೋಕಿತೇಶ್ವರ ಚೀನಾಕ್ಕೆ ಹೋಗಿ ಹೆಣ್ಣಾದ ರೂಪ. ಇದರ ತವರು ಫುಜಿಯಾನ್ ಪ್ರಾಂತ್ಯದ ಡೆಹುವಾ. ಒಳ್ಳೆಯ ಡೆಹುವಾ ಕೆಲಸದಲ್ಲಿ ಗ್ಲೇಜ್ ಮತ್ತು ಮಣ್ಣು ಬೇರೆ ಬೇರೆ ಅನ್ನಿಸುವುದೇ ಇಲ್ಲ, ಟಾರ್ಚ್ ಹಿಡಿದರೆ ಬೆಚ್ಚಗಿನ ಬೆಳಕು ಕಾಣುತ್ತದೆ. 17ನೇ ಶತಮಾನದ ಆಸುಪಾಸಿನ ಕೆಲಸ ಕೆನೆ ಬಣ್ಣಕ್ಕೆ ತಿರುಗಿದರೆ, ಆಮೇಲಿನವು ಹೆಚ್ಚಾಗಿ ತುಸು ನೀಲಿಬಿಳುಪು. ಬೆನ್ನ ಮೇಲೆ ಚೌಕ ಮುದ್ರೆಯಲ್ಲಿ ಹೆ ಚಾವೋಜೋಂಗ್ ಎಂಬ ಹೆಸರು ಇದ್ದರೆ ಕುಣಿದಾಡಬೇಡಿ. ಮಿಂಗ್ ಕಾಲದ ಕೊನೆಯ ಆ ಮಹಾ ಕಲಾವಿದನ ಮುದ್ರೆಯನ್ನು ಇವತ್ತಿಗೂ ಒತ್ತುತ್ತಲೇ ಇದ್ದಾರೆ.

ಹೊಟ್ಟೆ ಬಿಟ್ಟ ನಗುವ ಬುದ್ಧ ಎರಡು ದೇಶದವನು. ಚೀನಾದಲ್ಲಿ ಬುಡಾಯ್, ಜಪಾನಿನಲ್ಲಿ ಹೋತೇ. ಗೌತಮ ಬುದ್ಧ ಅಲ್ಲ, ಜೋಳಿಗೆ ಹೊತ್ತು ತಿರುಗುತ್ತಿದ್ದ ಒಬ್ಬ ಸನ್ಯಾಸಿ. ಮುಖ ನೋಡಿ ದೇಶ ಹೇಳಲು ಹೋಗಬೇಡಿ, ಮಣ್ಣು ಮತ್ತು ಮುದ್ರೆ ನೋಡಿ. ಜಪಾನಿನಲ್ಲಿ ಈತ ಏಳು ಅದೃಷ್ಟ ದೇವರುಗಳಲ್ಲಿ ಒಬ್ಬ. ಆ ಏಳರಲ್ಲಿ ವಾದ್ಯ ಹಿಡಿದ ಬೆಂಜೈತೆನ್ ನಮ್ಮ ಸರಸ್ವತಿ. ಅಕ್ಕಿ ಮೂಟೆಯ ಮೇಲೆ ಸುತ್ತಿಗೆ ಹಿಡಿದು ನಿಂತ ದೈಕೊಕುವಿನ ಮೂಲ ಮಹಾಕಾಲ. ಈಟಿ ಹಿಡಿದ ಬಿಷಾಮೊನ್ ನಮ್ಮ ವೈಶ್ರವಣ, ಅಂದರೆ ಕುಬೇರ. ಮೀನು ಹಿಡಿದ ಎಬಿಸು ಮಾತ್ರ ಅಪ್ಪಟ ಜಪಾನಿ.

ಜಪಾನಿನ ಗೊಂಬೆಗಳಲ್ಲಿ ಕೆನೆ ಬಣ್ಣದ ಮೈ, ತುಂಬಾ ನಯವಾದ ಬಿರುಕಿನ ಜಾಲ, ಮೇಲೆ ಚಿನ್ನ ಮೆತ್ತಿದ ಕೆಲಸ ಇದ್ದರೆ ಸತ್ಸುಮಾ ಶೈಲಿ. ಮೈಜಿ ಕಾಲದಲ್ಲಿ, ಅಂದರೆ 1868ರಿಂದ 1912ರ ನಡುವೆ, ರಫ್ತಿಗೆ ಅಂತಲೇ ಬಹಳ ಮಾಡಿದರು. ಆ ಬಿರುಕಿನ ಜಾಲ ಮಾಡಿದ ದಿನವೇ ಇರುತ್ತದೆ, ವಯಸ್ಸಿನ ಗುರುತಲ್ಲ. ಕೊಡೆ ಹಿಡಿದ ಕಿಮೋನೋ ಹೆಂಗಸು, ಹೊಳಪಿಲ್ಲದ ಬಣ್ಣ, ಗ್ಲೇಜ್ ಇಲ್ಲ, ಮಣ್ಣು ನೀರು ಹೀರುತ್ತದೆ ಅಂದರೆ ಅದು ಫುಕುವೋಕಾದ ಹಕಾಟಾ ಗೊಂಬೆ ಇರಬಹುದು. ಇದಕ್ಕಂತೂ ಒದ್ದೆ ಬಟ್ಟೆ ಕೂಡ ತೋರಿಸಬೇಡಿ.

ಥಾಯ್ಲೆಂಡಿನ ಸವಂಖಲೋಕ್ ಗೊಂಬೆ ಇಲ್ಲಿ ಸಿಗುವ ಸಂಭವ ಕಡಿಮೆ, ಆದರೂ ಹೇಳದೆ ಇರಲಾರೆ. 14ರಿಂದ 16ನೇ ಶತಮಾನದ ಆ ಪುಟ್ಟ ಗೊಂಬೆಗಳಲ್ಲಿ ಎಷ್ಟೋ ಜನರ ಒಂದು ಕೆನ್ನೆ ಉಬ್ಬಿರುತ್ತದೆ. ಬಾಯಲ್ಲಿ ಎಲೆ ಅಡಿಕೆ! ಚನ್ನಗಿರಿ ಕಡೆಯವರು ನೋಡಿದರೆ ನೆಂಟರು ಅಂದುಕೊಳ್ಳಬೇಕು.

ಇನ್ನು ಒಂದು ಎಚ್ಚರಿಕೆ. ಶೋಕೇಸಿನಲ್ಲಿ ಪಿಂಗಾಣಿ ಕೃಷ್ಣ, ಲಕ್ಷ್ಮಿ, ಸರಸ್ವತಿ ಇದ್ದರೆ ಅದು ನಮ್ಮ ದೇಶದ್ದೇ ಅಂತ ತೀರ್ಮಾನಿಸಬೇಡಿ. 20ನೇ ಶತಮಾನದ ಆರಂಭದಲ್ಲಿ ಜರ್ಮನಿಯ ಕಾರ್ಖಾನೆಗಳು ಭಾರತದ ಮಾರುಕಟ್ಟೆಗೆ ಹಿಂದೂ ದೇವರ ಪಿಂಗಾಣಿ ಗೊಂಬೆ ಮಾಡಿ ಕಳಿಸುತ್ತಿದ್ದವು. ಜಪಾನ್ ಕೂಡ ಮಾಡಿತು. ತಳದಲ್ಲಿ ಒತ್ತಿದ ಒಂದು ನಂಬರ್, ಇಂಗ್ಲಿಷಿನಲ್ಲಿ ಜರ್ಮನಿ ಅಂತ ಇದೆಯೇ ನೋಡಿ. ಈಗಿನ ಹೊಳೆಯುವ ಬಿಳಿ ಗಣಪತಿಗಳಾದರೆ ಉತ್ತರ ಪ್ರದೇಶದ ಖುರ್ಜಾ ಕಡೆಯವೂ ಇರಬಹುದು.

ಬಣ್ಣ ಹೇಳುವ ಕಾಲ

ಚೀನಾದ ಪಿಂಗಾಣಿಯಲ್ಲಿ ಒಂದು ಬಣ್ಣ ಬಹಳ ಉಪಕಾರಿ: ಹಾಲು ಬೆರೆಸಿದಂತಿರುವ ಗುಲಾಬಿ. ಈ ಬಣ್ಣದ ಎನಾಮೆಲ್, ಅಂದರೆ ಗ್ಲೇಜಿನ ಮೇಲೆ ಬಳಿದು ಮತ್ತೆ ಸುಡುವ ಬಣ್ಣ, ಅಲ್ಲಿ ಬಳಕೆಗೆ ಬಂದದ್ದು 1720ರ ಆಸುಪಾಸಿನಲ್ಲಿ. ಹಾಗಾಗಿ ಗುಲಾಬಿ ನಿಲುವಂಗಿಯ ಗೊಂಬೆಯನ್ನು ಯಾರಾದರೂ "ಮಿಂಗ್ ಕಾಲದ್ದು ಯಜಮಾನ್ರೇ" ಅಂದರೆ ನಕ್ಕು ಸುಮ್ಮನಾಗಿ. ಮಿಂಗ್ ಆಳ್ವಿಕೆ 1644ಕ್ಕೇ ಮುಗಿದಿತ್ತು. ಗುಲಾಬಿ ಬರುವುದಕ್ಕೂ ಮೊದಲಿನ, ಕಾಂಗ್ಸಿ ಚಕ್ರವರ್ತಿಯ (1662–1722) ಕಾಲದ ಮೆಚ್ಚಿನ ಬಣ್ಣ ಪಾರದರ್ಶಕ ಹಸಿರು. ಆದರೆ ಹಸಿರು ಕಂಡ ಕೂಡಲೇ ಕಾಂಗ್ಸಿ ಅನ್ನಬೇಡಿ, 19ನೇ ಶತಮಾನದಲ್ಲಿ ಅದನ್ನು ಮತ್ತೆ ನಕಲು ಮಾಡಿದರು. ಬಣ್ಣದಿಂದ "ಇದಕ್ಕಿಂತ ಮೊದಲಲ್ಲ" ಅನ್ನಬಹುದು, "ಇದೇ ಕಾಲ" ಅನ್ನಲಾಗದು.

ಹಳದಿ, ಹಸಿರು, ಕೆನೆ ಮೂರು ಬಣ್ಣ ಹರಿದಾಡಿದ ಕುದುರೆ, ಒಂಟೆಗಳು ಟಾಂಗ್ ವಂಶದ (618–907) ಸಮಾಧಿಗಳ ಶೈಲಿ. 20ನೇ ಶತಮಾನದ ಮೊದಲ ದಶಕದಲ್ಲಿ ಲುವೋಯಾಂಗ್ ಕಡೆ ರೈಲು ದಾರಿ ಹಾಕುವಾಗ ಸಮಾಧಿಗಳು ತೆರೆದು ಇವು ಲೋಕಕ್ಕೆ ಪರಿಚಯವಾದವು. ಅಲ್ಲಿಂದ ಶುರುವಾದ ನಕಲು ಇನ್ನೂ ನಿಂತಿಲ್ಲ. ದಾವಣಗೆರೆಯ ಶೋಕೇಸಿನ ಟಾಂಗ್ ಕುದುರೆ ನಕಲಿ ಎಂದೇ ಇಟ್ಟುಕೊಳ್ಳಿ, ಬೇರೆ ಪುರಾವೆ ಬರುವವರೆಗೆ.

ಅಕ್ಷರ, ಮುದ್ರೆ

ಇಂಗ್ಲಿಷ್ ಅಕ್ಷರ ಇದ್ದರೆ ಕೆಲಸ ಸುಲಭ. ಅಮೆರಿಕ 1890ರಲ್ಲಿ ಒಂದು ಸುಂಕದ ಕಾನೂನು ತಂದಿತು. 1891ರಿಂದ ಅಲ್ಲಿಗೆ ಹೋಗುವ ಸಾಮಾನಿನ ಮೇಲೆ ದೇಶದ ಹೆಸರು ಇಂಗ್ಲಿಷಿನಲ್ಲಿ ಇರಬೇಕಾಯಿತು. ಹಾಗಾಗಿ ಬರಿ 'ಚೈನಾ' ಅಂತಿದ್ದರೆ ಸಾಮಾನ್ಯವಾಗಿ 1891ರ ನಂತರ, 'ಮೇಡ್ ಇನ್ ಚೈನಾ' ಅಂತಿದ್ದರೆ ಇನ್ನೂ ಈಚಿನದು, ಹೆಚ್ಚಾಗಿ 1920ರಿಂದ ಈಚೆಗೆ. ಜಪಾನಿನದು ಇನ್ನೂ ಅಚ್ಚುಕಟ್ಟು: 'ನಿಪ್ಪಾನ್' ಇದ್ದರೆ 1891–1921, ಆಮೇಲೆ 'ಜಪಾನ್' ಅಥವಾ 'ಮೇಡ್ ಇನ್ ಜಪಾನ್'. ಯುದ್ಧ ಸೋತ ನಂತರ, 1947ರಿಂದ 1952ರ ನಡುವೆ, 'ಆಕ್ಯುಪೈಡ್ ಜಪಾನ್' ಅಂತ ಮುದ್ರೆ ಬಂತು. ಈ ಒಂದು ಮುದ್ರೆಯಷ್ಟು ಸ್ಪಷ್ಟವಾಗಿ ಕಾಲ ಹೇಳುವುದು ಬೇರೆ ಇಲ್ಲ.

ಇಲ್ಲಿ ಒಂದು ತಿರುವು ಇದೆ. ಈ ಕಾನೂನು ಅಮೆರಿಕದ್ದು. ಮುಂಬಯಿ ಬಂದರಿಗೆ ನೇರ ಬಂದ ಸಾಮಾನಿಗೆ ಅದರ ಹಂಗಿಲ್ಲ. ಆದ್ದರಿಂದ ಇಂಗ್ಲಿಷ್ ಮುದ್ರೆ ಇದ್ದರೆ ಅದು ಸಾಕ್ಷಿ. ಇಲ್ಲ ಅಂದ ಮಾತ್ರಕ್ಕೆ 1891ಕ್ಕಿಂತ ಹಳೆಯದು ಅನ್ನುವುದು ತಪ್ಪು. ಮಾರುವವರು ಈ ತಪ್ಪನ್ನು ಬೇಕಂತಲೇ ಮಾಡುತ್ತಾರೆ. ಜೊತೆಗೆ ಕಾಗದದ ಚೀಟಿ ಉದುರಿರಬಹುದು, ಮುದ್ರೆಯನ್ನು ಉಜ್ಜಿ ತೆಗೆದಿರಬಹುದು. ತಳದಲ್ಲಿ ಒಂದೇ ಕಡೆ ಗುಂಡಗೆ ಮಸುಕಾದ ಜಾಗ ಇದೆಯೇ ಅಂತ ಓರೆ ಬೆಳಕಿನಲ್ಲಿ ನೋಡಿ.

ಚೀನೀ ಅಕ್ಷರ ಇದ್ದರೆ ಫೋಟೋ ತೆಗೆದು ಗೂಗಲ್ ಲೆನ್ಸ್‌ಗೆ ಕೊಡಿ. ಉತ್ತರ ಬರದಿದ್ದರೆ ಫೋಟೋ ತಲೆಕೆಳಗಾಗಿರಬಹುದು, ತಿರುಗಿಸಿ. ಬಳ್ಳಿಯ ಹಾಗೆ ಚೌಕದೊಳಗೆ ತುಂಬಿದ ಮುದ್ರೆಯ ಲಿಪಿಯನ್ನು ಅದು ಸರಿಯಾಗಿ ಓದುವುದಿಲ್ಲ. ಆರು ಅಕ್ಷರದ ಗುರುತು ಸಾಮಾನ್ಯವಾಗಿ "ಮಹಾ ಮಿಂಗ್" ಅಥವಾ "ಮಹಾ ಚಿಂಗ್" ವಂಶದ ಇಂಥ ಚಕ್ರವರ್ತಿಯ ಕಾಲದಲ್ಲಿ ಮಾಡಿದ್ದು ಅಂತ ಇರುತ್ತದೆ, ಬಲದಿಂದ ಎಡಕ್ಕೆ, ಮೇಲಿನಿಂದ ಕೆಳಗೆ ಓದಬೇಕು. ಇದನ್ನು ನಂಬಬೇಡಿ. ಹಿಂದಿನವರ ಮೇಲಿನ ಗೌರವಕ್ಕೆ ಹಳೇ ಚಕ್ರವರ್ತಿಯ ಹೆಸರು ಬರೆಯುವುದು ಚೀನಾದಲ್ಲಿ ನೂರಾರು ವರ್ಷದ ರೂಢಿ, ಆಮೇಲೆ ಮೋಸಕ್ಕೂ ಬಳಸಿದರು. ಚೆಂಗ್‌ಹುವಾ (1465–87), ಚಿಯಾನ್‌ಲಾಂಗ್ (1736–95) ಹೆಸರಿನ 20ನೇ ಶತಮಾನದ ಸಾಮಾನು ಹೇರಳ. ಅಷ್ಟಕ್ಕೂ ಗೊಂಬೆಗಳ ಮೇಲೆ ಚಕ್ರವರ್ತಿಯ ಗುರುತು ಹಾಕುವುದೇ ಅಪರೂಪವಿತ್ತು. ಅಕ್ಷರಗಳು ಸರಳಗೊಳಿಸಿದ ಹೊಸ ಲಿಪಿಯಲ್ಲಿದ್ದರೆ ಬಹುತೇಕ 1956ರ ನಂತರದ್ದು. ಎಡದಿಂದ ಬಲಕ್ಕೆ ಅಡ್ಡಲಾಗಿ ಬರೆದಿದ್ದರೂ ಆಧುನಿಕ ಅಂತಲೇ ಹಿಡಿಯಿರಿ.

ಕೆಲವದರಲ್ಲಿ ವರ್ಷವೇ ಇರುತ್ತದೆ, ಆದರೆ ನಮ್ಮ ಸಂವತ್ಸರಗಳ ಹಾಗೆ ಅರವತ್ತು ವರ್ಷದ ಚಕ್ರದಲ್ಲಿ. ಒಂದೇ ಹೆಸರು 1867ಕ್ಕೂ ಬರುತ್ತದೆ, 1927ಕ್ಕೂ ಬರುತ್ತದೆ. ಪ್ರಭವ ಅಂದರೆ ಯಾವ ಪ್ರಭವ ಅಂತ ನಾವು ಕೇಳುವ ಹಾಗೆ ಇಲ್ಲೂ ಕೇಳಬೇಕು. ಉತ್ತರ ಮಣ್ಣು ಮತ್ತು ಬಣ್ಣದಿಂದ ಬರಬೇಕು.

ಸವೆತ ಸುಳ್ಳೋ ನಿಜವೋ

ನಿಜವಾದ ಸವೆತ ಕೈ ತಾಗುವ ಕಡೆ, ನೆಲ ತಾಗುವ ಕಡೆ ಇರುತ್ತದೆ. ಮೂಗಿನ ತುದಿ, ಮೊಣಕೈ, ಹೊಟ್ಟೆಯ ಉಬ್ಬಿನಲ್ಲಿ ಚಿನ್ನ ಹೋಗಿರುತ್ತದೆ, ಬಟ್ಟೆಯ ಮಡಿಕೆಯೊಳಗೆ ಉಳಿದಿರುತ್ತದೆ. ತಳದ ಅಂಚಿನ ಗೀರುಗಳು ಬೇರೆ ಬೇರೆ ದಿಕ್ಕಿಗೆ, ಬೇರೆ ಬೇರೆ ಆಳಕ್ಕೆ ಇರುತ್ತವೆ. ಉಪ್ಪು ಕಾಗದದಿಂದ ಉಜ್ಜಿದ್ದರೆ ಗೀರೆಲ್ಲ ಒಂದೇ ದಿಕ್ಕಿಗೆ ಸಾಲಾಗಿ ಬರುತ್ತವೆ. ಮಡಿಕೆಯ ಆಳದಲ್ಲೂ ಚಿನ್ನ ಹೋಗಿದ್ದರೆ ಯಾರೋ ಉಜ್ಜಿದ್ದಾರೆ.

ಕೊಳೆಯೂ ಅಷ್ಟೇ. ನಮ್ಮ ಕಡೆಯ ಮನೆಯಲ್ಲಿ ವರ್ಷಗಟ್ಟಲೆ ಇದ್ದ ಗೊಂಬೆಗೆ ಧೂಳು, ಅಡುಗೆ ಮನೆ ಎಣ್ಣೆ ಜಿಡ್ಡು, ಊದುಬತ್ತಿ ಹೊಗೆ ಸೇರಿ ಮೇಲ್ಮುಖದ ಮಡಿಕೆಗಳಲ್ಲಿ ಜಾಸ್ತಿ, ಕೆಳಮುಖದಲ್ಲಿ ಕಡಿಮೆ ಕೂತಿರುತ್ತದೆ. ಟೀ ಡಿಕಾಕ್ಷನ್ನಿನಲ್ಲಿ, ಬೂಟ್ ಪಾಲಿಶ್‌ನಲ್ಲಿ ಹಳೆಯದಾಗಿ ಮಾಡಿದ್ದರೆ ಎಲ್ಲ ಕಡೆ ಸಮವಾಗಿ ಕಂದು. ಮೂಗಿಗೆ ಹಿಡಿದರೆ ಪಾಲಿಶ್ ವಾಸನೆ ಕೂಡ ಬಂದೀತು.

ರಿಪೇರಿ ಹುಡುಕಲು ನೋಟು ಪರೀಕ್ಷಿಸುವ ಅಲ್ಟ್ರಾವಯಲೆಟ್ ಟಾರ್ಚ್ ಸಾಕು. ಕತ್ತಲೆಯಲ್ಲಿ ಕುತ್ತಿಗೆ, ಬೆರಳು, ಹಿಡಿದ ವಸ್ತುವಿನ ಮೇಲೆ ಹಿಡಿಯಿರಿ. ಅಂಟು, ಹೊಸ ಬಣ್ಣ ಮೂಲ ಗ್ಲೇಜಿಗಿಂತ ಬೇರೆಯಾಗಿ ಹೊಳೆಯುತ್ತವೆ. ಒಡೆದ ಬೆರಳು ನಾಚಿಕೆಯ ವಿಷಯವಲ್ಲ, ಬಚ್ಚಿಟ್ಟ ರಿಪೇರಿ ಮಾತ್ರ ಬೆಲೆಯನ್ನು ಹಾಳು ಮಾಡುತ್ತದೆ.

ಕೂಡಿಸಿ ನೋಡುವುದು

ಒಂದು ಉದಾಹರಣೆ. ಪೀಚ್ ಹಿಡಿದ ಮುದುಕ, ಬಿಳಿ ಪಿಂಗಾಣಿ, ಗುಲಾಬಿ ನಿಲುವಂಗಿ. ಒಳಗೋಡೆ ನುಣುಪು, ತಳ ಮುಚ್ಚಿದೆ, ಕೆಂಪು ಬಣ್ಣದಲ್ಲಿ ಇಂಗ್ಲಿಷಿನ 'ಮೇಡ್ ಇನ್ ಚೈನಾ'. ಗುಲಾಬಿ ಹೇಳುತ್ತದೆ 1720ರ ನಂತರ. ಒಳಗೋಡೆ ಹೇಳುತ್ತದೆ 20ನೇ ಶತಮಾನ. ಮುದ್ರೆ ಹೇಳುತ್ತದೆ 1920ರ ನಂತರ. ಕೊನೆಯದೇ ಗೆಲ್ಲುವುದು. ಮನೆಯ ಫೋಟೋ 1962 ಅಂದರೆ ಉತ್ತರ ಸಿಕ್ಕಿತು: 1920ರಿಂದ 1962ರ ನಡುವೆ. ಇನ್ನೊಂದು, ಕಂದು ಮುಖದ ಮೀನುಗಾರ, ಜಾಡಿ ಮಣ್ಣು, ಒಳಗೆ ಬೆರಳ ಗುಳಿ, ತಳಕ್ಕೆ ಒತ್ತಿದ 'ಚೈನಾ'. ಇದು ಶಿವಾನ್ ಶೈಲಿ, ಹೆಚ್ಚಾಗಿ 20ನೇ ಶತಮಾನದ ಮೊದಲರ್ಧ ಅಂತ ಬರೆದುಕೊಳ್ಳಬಹುದು. ಒಂದೇ ವರ್ಷ ಹೇಳುವ ಹಟ ಬೇಡ. ನಲವತ್ತು ಐವತ್ತು ವರ್ಷದ ಅಂತರ ಇಟ್ಟು ಹೇಳುವವರನ್ನೇ ನಾನು ನಂಬುತ್ತೇನೆ.

ಹಂಪಿಯ ಅಗೆತದಲ್ಲಿ ಚೀನಾ ಪಿಂಗಾಣಿ ಚೂರು ಸಿಕ್ಕಿವೆ ಎಂದು ಓದಿ, ನಮ್ಮ ಮನೆಯದೂ ವಿಜಯನಗರದ ಕಾಲದ್ದು ಅನ್ನುವವರಿದ್ದಾರೆ. ಅಲ್ಲಿ ಸಿಕ್ಕಿರುವುದು ಮಣ್ಣಿನಡಿಯ ಚೂರುಗಳು. ಆ ಕಾಲದ ಇಡೀ ಗೊಂಬೆ ಕೈಯಿಂದ ಕೈಗೆ ಬಂದು ಶೋಕೇಸಿನಲ್ಲಿ ಕೂತಿದೆ ಅನ್ನಲು ಕುಟುಂಬದ ಹೆಮ್ಮೆಗಿಂತ ಗಟ್ಟಿಯಾದ ಆಧಾರ ಬೇಕು. ಕಣ್ಣು ಪಳಗಬೇಕಾದರೆ ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಂಗೆ ಹೋಗಿ. ಚೀನಾ, ಜಪಾನಿನ ಸಂಗ್ರಹ ಚೆನ್ನಾಗಿದೆ. ಅರ್ಧ ದಿನ ಅಲ್ಲಿ ನಿಂತು ನೋಡಿದರೆ ಮೊಬೈಲಿನಲ್ಲಿ ಸಾವಿರ ಫೋಟೋ ನೋಡಿದ್ದಕ್ಕಿಂತ ಮೇಲು.

ತಜ್ಞರು, ಲ್ಯಾಬು, ಕಾನೂನು

ತಜ್ಞರಿಗೆ ಫೋಟೋ ಕಳಿಸುವುದಾದರೆ ಮುಂದೆ, ಹಿಂದೆ, ಎರಡು ಪಕ್ಕ, ತಳ, ಒಳಗೋಡೆ, ಮುದ್ರೆಯ ಹತ್ತಿರದ ನೋಟ, ಒಡೆದ ಜಾಗ ಇಷ್ಟೂ ಇರಲಿ. ಪಕ್ಕದಲ್ಲಿ ಒಂದು ಸ್ಕೇಲ್ ಇಡಿ, ತೂಕ ಬರೆಯಿರಿ. ಫ್ಲ್ಯಾಶ್ ಬೇಡ. ಫಿಲ್ಟರ್ ಹಾಕಿದ ಫೋಟೋ ಕಳಿಸಿದರೆ ಯಾರೂ ಉತ್ತರ ಕೊಡಲಾರರು.

ಥರ್ಮೋಲುಮಿನಿಸೆನ್ಸ್ ಅನ್ನುವ ಪರೀಕ್ಷೆ ಇದೆ. ಮಣ್ಣಿನ ಹರಳುಗಳು ವರ್ಷ ವರ್ಷ ಸುತ್ತಲಿನ ವಿಕಿರಣದಿಂದ ಸ್ವಲ್ಪ ಸ್ವಲ್ಪ ಶಕ್ತಿ ಹಿಡಿದಿಡುತ್ತವೆ. ಆವಿಗೆಯಲ್ಲಿ ಸುಟ್ಟಾಗ ಅದು ಸೊನ್ನೆಗೆ ಬರುತ್ತದೆ. ಮತ್ತೆ ಬಿಸಿ ಮಾಡಿದರೆ ಬೆಳಕಾಗಿ ಹೊರಬರುತ್ತದೆ, ಅದನ್ನು ಅಳೆದು ಎಷ್ಟು ಕಾಲದ ಹಿಂದೆ ಸುಟ್ಟದ್ದು ಅಂತ ಅಂದಾಜು ಮಾಡುತ್ತಾರೆ. ಸಾವಿರ ವರ್ಷದ ಟಾಂಗ್ ಕುದುರೆ ನಿಜವೋ ನಕಲಿಯೋ ಅನ್ನಲು ಒಳ್ಳೆಯದು. ನಮ್ಮ ನೂರು ವರ್ಷದ ಮುದುಕನಿಗೆ ದಂಡ. ತಳದಿಂದ ಮಣ್ಣು ಕೊರೆದು ತೆಗೆಯಬೇಕು, ಖರ್ಚೂ ಜಾಸ್ತಿ. ಹಳೇ ಚೂರನ್ನು ತಳಕ್ಕೆ ಕೂಡಿಸಿ ಮೇಲೆ ಹೊಸ ಗೊಂಬೆ ಕಟ್ಟುವ ಖದೀಮರೂ ಇದ್ದಾರೆ, ಪರೀಕ್ಷೆ ಕೊರೆದ ಜಾಗದ ವಯಸ್ಸನ್ನಷ್ಟೇ ಹೇಳುತ್ತದೆ.

ಕಾನೂನಿನ ಮಾತು ಸ್ಪಷ್ಟವಾಗಿರಲಿ. 1972ರ ಪುರಾತನ ವಸ್ತು ಮತ್ತು ಕಲಾ ನಿಧಿ ಕಾಯ್ದೆಯ ಪ್ರಕಾರ ನೂರು ವರ್ಷ ತುಂಬಿದ ಕಲಾವಸ್ತು ಪುರಾತನ ವಸ್ತು. ಅದನ್ನು ಮಾರುವ ವ್ಯಾಪಾರ ಮಾಡಲು ಪರವಾನಗಿ ಬೇಕು. ಕೆಲವು ಬಗೆಯವನ್ನು ನೋಂದಾಯಿಸಬೇಕು, ಸುಟ್ಟ ಮಣ್ಣಿನ ಶಿಲ್ಪ ಆ ಪಟ್ಟಿಯಲ್ಲಿದೆ. ಪುರಾತನ ವಸ್ತುವನ್ನು ಖಾಸಗಿಯವರು ಹೊರದೇಶಕ್ಕೆ ಕಳಿಸುವಂತೆಯೇ ಇಲ್ಲ. ಚಂದ್ರವಳ್ಳಿ ಕಡೆ ಮಳೆ ಬಂದ ಮೇಲೆ ನೆಲದಲ್ಲಿ ಮಣ್ಣಿನ ಗೊಂಬೆಯ ಚೂರು ಕಂಡರೆ ಅದು ಶೋಕೇಸಿಗಲ್ಲ. ಇದ್ದಲ್ಲೇ ಬಿಟ್ಟು ಫೋಟೋ ತೆಗೆದು, ಪುರಾತತ್ವ ಇಲಾಖೆಗೋ ಚಿತ್ರದುರ್ಗದ ಸರ್ಕಾರಿ ಮ್ಯೂಸಿಯಂನವರಿಗೋ ತಿಳಿಸಿ.

ಅಮೆರಿಕದಲ್ಲಿರುವ ಮಗಳಿಗೆ ಅಜ್ಜಿಯ ಗೊಂಬೆ ಕಳಿಸುವ ಆಸೆ ಇದ್ದರೆ ಮೊದಲು ಮೇಲಿನ ಎಲ್ಲ ಹೆಜ್ಜೆ ಮುಗಿಸಿ. ನೂರು ವರ್ಷ ಆಗಿಲ್ಲ ಅಂತ ಕಂಡರೂ, ಹಳೆಯದಾಗಿ ಕಾಣುವ ವಸ್ತುವನ್ನು ಏರ್‌ಪೋರ್ಟಿನಲ್ಲಿ ತಡೆಯಬಹುದು. ಇದು ಪುರಾತನ ವಸ್ತು ಅಲ್ಲ ಅನ್ನುವ ಪ್ರಮಾಣಪತ್ರವನ್ನು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಕೊಡುತ್ತದೆ. ವಸ್ತುವನ್ನು ಅವರಿಗೆ ತೋರಿಸಬೇಕಾಗುತ್ತದೆ, ಸಮಯ ಹಿಡಿಯುತ್ತದೆ. ಆದ್ದರಿಂದ ಟಿಕೆಟ್ ತೆಗೆಸುವ ಮುಂಚೆಯೇ ಅರ್ಜಿ ಹಾಕಿ. ನೀವು ಬರೆದುಕೊಂಡ ಟಿಪ್ಪಣಿ, ತಳದ ಫೋಟೋ, 1962ರ ಮದುವೆ ಫೋಟೋದ ಪ್ರತಿ ಎಲ್ಲ ಜೊತೆಗಿರಲಿ.